ಹಸಿರು ಪಟ್ಟಿಯ ಹಿಂದಿನ ಡೂಪ್‌ಗಳು

ಸಂಜೆ ನಾಲ್ಕೂವರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರ ಐದನೇ ಮಹಡಿ. ಬೆಳಗಿನಿಂದ ಬರೆದ ಕೋಡನ್ನು ಸೇವ್ ಮಾಡಿ, ಟೆಸ್ಟ್ ಓಡಿಸುವ ಗುಂಡಿ ಒತ್ತಿ, ಎಂಜಿನಿಯರ್ ಹುಡುಗಿ ಕಾಫಿ ಮೆಶೀನಿನತ್ತ ಹೊರಡುತ್ತಾಳೆ. ಲೋಟ ಹಿಡಿದು ವಾಪಸಾಗುವಷ್ಟರಲ್ಲಿ ಪರದೆಯ ಮೇಲೆ ಸಾವಿರಗಟ್ಟಲೆ ಸಾಲು ಓಡಿಹೋಗಿವೆ. ಒಂದೊಂದು ಸಾಲೂ ಒಂದೊಂದು ಸಣ್ಣ ಪರೀಕ್ಷೆ. ಎಲ್ಲವೂ ಪಾಸಾದರೆ ಪಟ್ಟಿ ಹಸಿರು. ಒಂದು ಎಡವಿದರೂ ಕೆಂಪು.

ಇವತ್ತು ಕೆಂಪು. ಎಡವಿದ್ದು ಅವಳ ಕೋಡಲ್ಲ. ಆ ಕೋಡು ಮಾತಾಡಬೇಕಿದ್ದ ಡೇಟಾಬೇಸ್ ಸರ್ವರನ್ನು ಬೇರಾವುದೋ ಊರಿನಲ್ಲಿ ಯಾರೋ ರಿಪೇರಿಗೆಂದು ನಿಲ್ಲಿಸಿದ್ದಾರೆ. ಪಕ್ಕದ ಸೀಟಿನವನು ತಲೆಯೆತ್ತದೆ ಕೇಳುತ್ತಾನೆ: "ಮಾಕ್ ಮಾಡಿಲ್ವಾ ಅದನ್ನ?"

ಮಗ ಸಾಫ್ಟ್‌ವೇರಿನಲ್ಲಿದ್ದಾನೆ, ಸೊಸೆಯೂ ಅಲ್ಲೇ ಎನ್ನುವ ಮನೆಗಳಲ್ಲೂ ಅವರು ದಿನವಿಡೀ ಏನು ಮಾಡುತ್ತಾರೆಂಬುದು ಅರ್ಧ ತಿಳಿದ ಸಂಗತಿ. ಪ್ರೋಗ್ರಾಂ ಬರೆಯುತ್ತಾರೆ, ಸರಿ. ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಇನ್ನೊಂದು ಪ್ರೋಗ್ರಾಂ ಬರೆಯುತ್ತಾರೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೋಡಿನ ಒಂದೇ ಒಂದು ತುಣುಕನ್ನು ಬೇರೆಲ್ಲದರಿಂದ ಬಿಡಿಸಿ ಪರೀಕ್ಷಿಸುವ ಆ ಎರಡನೆಯ ಪ್ರೋಗ್ರಾಮೇ ಯುನಿಟ್ ಟೆಸ್ಟ್. ಅದರ ನಡುನಡುವೆ @ ಚಿಹ್ನೆ ಹೊತ್ತ ಪುಟ್ಟ ಪದಗಳು ಕಾಣುತ್ತವೆ: @ಮಾಕ್, @ಇಂಜೆಕ್ಟ್, @ಆಟೋವೈರ್ಡ್. ಇವಕ್ಕೆ ಅನೋಟೇಶನ್ ಎನ್ನುತ್ತಾರೆ. ಬ್ಯಾಂಕು, ವಿಮೆ, ಟಿಕೆಟ್ ಬುಕಿಂಗಿನಂಥ ದೊಡ್ಡ ವ್ಯವಸ್ಥೆಗಳ ಜಾವಾ ಭಾಷೆಯ ಕೋಡಿನಲ್ಲಿ ಇವು ಇಲ್ಲದ ಪುಟ ಸಿಗುವುದು ಕಷ್ಟ. ಕೆಲಸವನ್ನು ಬಹಳ ಹಗುರ ಮಾಡುತ್ತವೆ. ಕೆಲವೊಮ್ಮೆ, ಹಗುರ ಮಾಡಬಾರದ್ದನ್ನೂ ಹಗುರ ಮಾಡಿಬಿಡುತ್ತವೆ.

ಮೂವರ ನೆರವು ಬೇಕಾದ ಲೆಕ್ಕ

ಸಾಲ ಕೊಡುವ ಸಂಸ್ಥೆಯೊಂದನ್ನು ಊಹಿಸಿಕೊಳ್ಳಿ. ಕಂತು ಕಟ್ಟಲು ಪ್ರತಿ ತಿಂಗಳು 5ನೇ ತಾರೀಖು ಗಡುವು, ಮೇಲೆ ಮೂರು ದಿನ ವಿನಾಯಿತಿ. 8ರವರೆಗೆ ಕಟ್ಟಿದರೆ ತೊಂದರೆಯಿಲ್ಲ. 9 ಆಯಿತೋ, 500 ರೂಪಾಯಿ ದಂಡ, ಜೊತೆಗೊಂದು ಎಸ್‌ಎಂಎಸ್. ಈ ಲೆಕ್ಕ ಮಾಡುವ ಕೋಡಿನ ತುಣುಕಿಗೆ, ಅಂದರೆ ಜಾವಾದವರು ಕ್ಲಾಸ್ ಎನ್ನುವುದಕ್ಕೆ, 'ದಂಡಲೆಕ್ಕ' ಎಂದು ಹೆಸರಿಡೋಣ. (ಜಾವಾ ಯುನಿಕೋಡನ್ನು ಒಪ್ಪುವುದರಿಂದ ನಿಜವಾಗಿಯೂ ಕನ್ನಡ ಲಿಪಿಯಲ್ಲೇ ಹೀಗೆ ಹೆಸರಿಡಬಹುದು. ಆಫೀಸಿನಲ್ಲಿ ಯಾರೂ ಇಡುವುದಿಲ್ಲ, ಅದು ಬೇರೆ ಮಾತು.)

ದಂಡಲೆಕ್ಕ ಒಂಟಿಯಾಗಿ ಕೆಲಸ ಮಾಡಲಾರದು. ಕಂತು ಬಂದಿದೆಯೇ ಎಂದು ಡೇಟಾಬೇಸ್ ನೋಡಿ ಹೇಳಲು ಒಂದು 'ಖಾತೆಭಂಡಾರ' ಬೇಕು. ಇವತ್ತು ಎಷ್ಟನೇ ತಾರೀಖು ಎನ್ನಲು ಗಡಿಯಾರ ಬೇಕು. ಎಸ್‌ಎಂಎಸ್ ಕಳಿಸಲು 'ಸಂದೇಶವಾಹಕ' ಬೇಕು. ಈ ಮೂರೂ ಅದರ ಡಿಪೆಂಡೆನ್ಸಿಗಳು.

ಹೊಸಬರು ಬರೆದ ಕೋಡಿನಲ್ಲಿ ದಂಡಲೆಕ್ಕ ಈ ಮೂವರನ್ನೂ ತನ್ನೊಳಗೇ ಸೃಷ್ಟಿಸಿಕೊಳ್ಳುತ್ತದೆ. ಜಾವಾದಲ್ಲಿ ಸೃಷ್ಟಿಗೆ ಬಳಸುವ ಪದ 'ನ್ಯೂ'. ಮೂರು ಸಲ 'ನ್ಯೂ' ಎಂದರೆ ಕೆಲಸ ಮುಗಿಯಿತು, ಗ್ರಾಹಕನಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಫಜೀತಿ ಶುರುವಾಗುವುದು ಟೆಸ್ಟ್ ಬರೆಯಲು ಕೂತಾಗ. 8ನೇ ತಾರೀಖು ದಂಡ ಬೀಳಬಾರದು ಎಂದು ನೋಡಬೇಕಾದರೆ 8ನೇ ತಾರೀಖಿನವರೆಗೆ ಕಾಯಬೇಕು. ಡೇಟಾಬೇಸ್ ಚಾಲೂ ಇರಬೇಕು, ಅದರಲ್ಲಿ ಕಂತು ಬಾಕಿಯಿರುವ ಖಾತೆಯೊಂದು ಇರಲೇಬೇಕು. ಅದೆಲ್ಲ ಆಗಿ 9ನೇ ತಾರೀಖಿನ ಟೆಸ್ಟ್ ಓಡಿತೆನ್ನಿ, ಯಾರದೋ ಮೊಬೈಲಿಗೆ ನಿಜವಾದ ದಂಡದ ಮೆಸೇಜು ಹೋಗಿ ಕೂರುತ್ತದೆ.

ಇದು ಬರೀ ಕಲ್ಪನೆಯ ಭಯವಲ್ಲ. 2021ರ ಜೂನ್‌ನಲ್ಲಿ ಅಮೆರಿಕದ ಎಚ್‌ಬಿಒ ಮ್ಯಾಕ್ಸ್ ಚಂದಾದಾರರಿಗೆ 'ಇಂಟಿಗ್ರೇಶನ್ ಟೆಸ್ಟ್ ಇಮೇಲ್ #1' ಎಂಬ ತಲೆಬರಹದ ಇಮೇಲ್ ಬಂದು ಬಿದ್ದಿತ್ತು. ಜನ ತಮಾಷೆ ಮಾಡತೊಡಗಿದಾಗ ಕಂಪನಿ, ಹೌದು, ಇದು ನಮ್ಮ ಇಂಟರ್ನ್ ಮಾಡಿದ್ದೇ ಎಂದು ಟ್ವೀಟ್ ಮಾಡಿತು. ಬೇರೆ ಬೇರೆ ದೇಶದ ಎಂಜಿನಿಯರುಗಳು ತಂತಮ್ಮ ಹಳೆಯ ಎಡವಟ್ಟುಗಳನ್ನು ಬರೆದು ಆ ಇಂಟರ್ನ್‌ಗೆ ಸಮಾಧಾನ ಹೇಳಿದರು. ಅದು ಯುನಿಟ್ ಟೆಸ್ಟ್ ಅಲ್ಲ, ಬೇರೆ ಜಾತಿಯ ಟೆಸ್ಟ್. ಆದರೆ ಪರೀಕ್ಷೆ ನಿಜವಾದ ವಿಳಾಸಗಳನ್ನು ಮುಟ್ಟಿದರೆ ಏನಾಗುತ್ತದೆ ಎನ್ನಲು ಅಷ್ಟು ಸಾಕು.

ಕೇಳಿ ಪಡೆಯುವುದು

ಪರಿಹಾರಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ದೊಡ್ಡ ಹೆಸರಿದೆ. ಒಳಗಿನ ಸಂಗತಿ ಚಿಕ್ಕದು. ದಂಡಲೆಕ್ಕ ತನಗೆ ಬೇಕಾದವರನ್ನು ತಾನೇ ಸೃಷ್ಟಿಸಿಕೊಳ್ಳದೆ, ಇಂಥ ಮೂವರು ಬೇಕು ಎಂದು ಕೇಳಿ ಸುಮ್ಮನಿರುತ್ತದೆ. ಅದನ್ನು ಸೃಷ್ಟಿಸುವವರು ಆ ಮೂವರನ್ನು ಕೊಟ್ಟೇ ಸೃಷ್ಟಿಸಬೇಕು. ಕೇಳಿ ಪಡೆಯುವ ಈ ಭಾಗವನ್ನು ಕನ್‌ಸ್ಟ್ರಕ್ಟರ್ ಎನ್ನುತ್ತಾರೆ. ಬರೆದರೆ ಹೀಗಿರುತ್ತದೆ:

ದಂಡಲೆಕ್ಕ ಲೆಕ್ಕ = ನ್ಯೂ ದಂಡಲೆಕ್ಕ(ಭಂಡಾರ, ಗಡಿಯಾರ, ವಾಹಕ)

ಆವರಣದೊಳಗಿನ ಮೂವರು ಅಸಲಿಯೇ ನಕಲಿಯೇ ಎಂಬುದು ದಂಡಲೆಕ್ಕಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಗ್ರಾಹಕರ ಮುಂದೆ ಓಡುವಾಗ ಅಸಲಿ ಭಂಡಾರ ಕೊಡಿ. ಟೆಸ್ಟಿನಲ್ಲಿ, ಯಾವ ಖಾತೆ ಕೇಳಿದರೂ 'ಕಂತು ಬಂದಿಲ್ಲ' ಎನ್ನುವ ನಕಲಿ ಭಂಡಾರ ಕೊಡಿ. ಕನ್ನಡ ಸಿನಿಮಾ ನೋಡುವವರಿಗೆ ಡೂಪ್ ಹೊಸತೇನಲ್ಲ. ನಾಯಕನ ಅಂಗಿಯನ್ನೇ ತೊಟ್ಟು, ಮುಖ ಕಾಣದಂತೆ, ಮೂರನೇ ಮಹಡಿಯಿಂದ ಧುಮುಕುವವನು ಬೇರೆಯೇ ಆಳು. ಆ ಒಂದು ಶಾಟ್‌ಗೆ ಎಷ್ಟು ಬೇಕೋ ಅಷ್ಟು ಹೋಲಿಕೆ ಇದ್ದರೆ ಸಾಕು. ಡೈಲಾಗ್ ಹೇಳಲು ಬರದಿದ್ದರೂ ನಡೆಯುತ್ತದೆ. ಜೆರಾರ್ಡ್ ಮೆಸ್ಜಾರೋಸ್ 2007ರಲ್ಲಿ ಟೆಸ್ಟಿಂಗ್ ಬಗ್ಗೆ ಬರೆದ ದಪ್ಪ ಪುಸ್ತಕದಲ್ಲಿ ಇಂಥ ನಕಲಿಗಳಿಗೆಲ್ಲ 'ಟೆಸ್ಟ್ ಡಬಲ್' ಎಂದು ಹೆಸರಿಟ್ಟದ್ದು ಸ್ಟಂಟ್ ಡಬಲ್‌ಗಳನ್ನು ನೆನೆದೇ. ಡಮ್ಮಿ, ಸ್ಟಬ್, ಸ್ಪೈ, ಮಾಕ್, ಫೇಕ್ ಎಂದು ಐದು ಬಗೆಯನ್ನೂ ವಿಂಗಡಿಸಿದರು. ಆಫೀಸಿನ ಮಾತಿನಲ್ಲಿ ಐದೂ ಒಂದೇ: ಮಾಕ್.

ಮಾಕ್ ಎಂಬ ಕಲ್ಪನೆ ಅದಕ್ಕೂ ಹಳೆಯದು. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ 2000ದಲ್ಲಿ ನಡೆದ ಸಮ್ಮೇಳನವೊಂದಕ್ಕೆ ಟಿಮ್ ಮೆಕಿನನ್, ಸ್ಟೀವ್ ಫ್ರೀಮನ್, ಫಿಲಿಪ್ ಕ್ರೇಗ್ ಬರೆದ ಪ್ರಬಂಧ ಅದನ್ನು ಜಗತ್ತಿಗೆ ಪರಿಚಯಿಸಿತು. ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರನ್ನು ನೆಲೆಗೊಳಿಸಿದ್ದು 2004ರ ಜನವರಿಯಲ್ಲಿ ಬ್ರಿಟಿಷ್ ಲೇಖಕ ಮಾರ್ಟಿನ್ ಫೌಲರ್ ಬರೆದ ಲೇಖನ.

ವಿಮಾನದಲ್ಲಿ ಹುಟ್ಟಿದ ಜೆಯುನಿಟ್

ಹಸಿರು-ಕೆಂಪು ಪಟ್ಟಿಯನ್ನು ಜಾವಾ ಲೋಕದಲ್ಲಿ ಮನೆಮಾತಾಗಿಸಿದ್ದು ಜೆಯುನಿಟ್. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಸಮ್ಮೇಳನಕ್ಕೆ ಹೊರಟಿದ್ದ ವಿಮಾನದಲ್ಲಿ ಕೂತು ಅದರ ಮೊದಲ ರೂಪವನ್ನು ಬರೆದರು. ಆಗ ಅನೋಟೇಶನ್ ಎಂಬುದೇ ಜಾವಾದಲ್ಲಿ ಇರಲಿಲ್ಲ. ಯಾವುದು ಟೆಸ್ಟ್ ಎಂದು ಜೆಯುನಿಟ್ ಗುರುತಿಸುತ್ತಿದ್ದುದು ಹೆಸರಿನಿಂದ. ಹೆಸರು 'ಟೆಸ್ಟ್' ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗಬೇಕು. ಅವಸರದಲ್ಲಿ ಎರಡು ಅಕ್ಷರ ಹಿಂದುಮುಂದಾದರೆ ಆ ಟೆಸ್ಟ್ ಓಡುತ್ತಲೇ ಇರಲಿಲ್ಲ. ಉಳಿದವೆಲ್ಲ ಹಸಿರಾಗಿರುತ್ತಿದ್ದುದರಿಂದ ಒಂದು ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನೊಂದು ದಿಕ್ಕಿನಿಂದ ಸ್ಪ್ರಿಂಗ್ ಬಂತು. ರಾಡ್ ಜಾನ್ಸನ್ 2002ರ ತಮ್ಮ ಪುಸ್ತಕದ ಜೊತೆ ಕೊಟ್ಟ ಕೋಡು ಬೆಳೆದು, 2004ರ ಮಾರ್ಚ್‌ನಲ್ಲಿ ಸ್ಪ್ರಿಂಗ್ 1.0 ಆಯಿತು. ಯಾರಿಗೆ ಯಾರ ನೆರವು ಬೇಕು ಎಂದು ಬರೆದುಕೊಟ್ಟರೆ ಅದು ಎಲ್ಲರನ್ನೂ ಸೃಷ್ಟಿಸಿ, ಒಬ್ಬರಿಗೊಬ್ಬರನ್ನು ಜೋಡಿಸಿ ಕೊಡುತ್ತದೆ. ಬರೆದುಕೊಡಬೇಕಾದದ್ದು ಮಾತ್ರ ಎಕ್ಸ್‌ಎಂಎಲ್ ಎಂಬ ಬೇರೆಯೇ ಬರಹರೂಪದಲ್ಲಿ. ಆ ಕಾಲದಲ್ಲಿ ಕೆಲಸ ಮಾಡಿದ ಹಿರಿಯರನ್ನು ಕೇಳಿ ನೋಡಿ: ಕೋಡು ಒಂದು ಕಡತದಲ್ಲಿ, ಜೋಡಣೆ ಇನ್ನೊಂದರಲ್ಲಿ, ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು ತಾಳೆ ನೋಡುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು.

2004ರ ಸೆಪ್ಟೆಂಬರ್‌ನಲ್ಲಿ ಜಾವಾ 5 ಬಂದಾಗ ಅನೋಟೇಶನ್‌ಗಳು ಭಾಷೆಯೊಳಕ್ಕೇ ಬಂದವು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಕಡೆಯವರಲ್ಲಿ ಇಂಥದ್ದು ಮೊದಲೇ ಇತ್ತೆಂಬುದನ್ನು ಜಾವಾ ಅಭಿಮಾನಿಗಳು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. 2006ರ ಜೆಯುನಿಟ್ 4ರಲ್ಲಿ @ಟೆಸ್ಟ್ ಎಂದು ಮೇಲೆ ಬರೆದರೆ ಸಾಕಾಯಿತು. ಹೆಸರು ಏನಾದರೂ ಇರಲಿ. 2007ರಲ್ಲಿ ಗೂಗಲ್‌ನ ಬಾಬ್ ಲೀ ಮುಂದಾಳತ್ವದ ಗೈಸ್ ಎಂಬ ಲೈಬ್ರರಿ, ಎಕ್ಸ್‌ಎಂಎಲ್‌ನ ಹಂಗಿಲ್ಲದೆ @ಇಂಜೆಕ್ಟ್ ಎಂಬ ಒಂದು ಗುರುತಿನಿಂದ ಜೋಡಣೆ ಮಾಡಿ ತೋರಿಸಿತು. ಅದೇ ವರ್ಷದ ಕೊನೆಗೆ ಸ್ಪ್ರಿಂಗ್ 2.5 ತನ್ನದೇ @ಆಟೋವೈರ್ಡ್ ತಂದಿತು. ಎರಡು ಬಣಗಳ ನಾಯಕರು, ಲೀ ಮತ್ತು ಜಾನ್ಸನ್, 2009ರಲ್ಲಿ ಜೊತೆಯಾಗಿ ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಮಾನದಂಡ ಮಂಡಿಸಿದರು. ಅದರಲ್ಲಿದ್ದ ಅನೋಟೇಶನ್‌ಗಳು ಐದೇ ಐದು. ಜಾವಾ ಮಾನದಂಡಗಳ ಗಾತ್ರ ಬಲ್ಲವರಿಗೆ ಅದೊಂದು ಸೋಜಿಗ.

ಗುರುತು ತಾನಾಗಿ ಏನೂ ಮಾಡದು

ಅನೋಟೇಶನ್ ಬರೆದರೆ ಏನೋ ನಡೆಯುತ್ತದೆ ಎಂದು ಕಲಿಯುವವರು ಮಾತ್ರವಲ್ಲ, ಕಲಿತವರೂ ಅಂದುಕೊಂಡಿರುತ್ತಾರೆ. ನಡೆಯುವುದಿಲ್ಲ. ಅದು ಕೋಡಿನ ಮೇಲೆ ಹಾಕಿದ ಗುರುತು, ಅಷ್ಟೇ. ಬೇರೊಂದು ಪ್ರೋಗ್ರಾಂ ಬಂದು ಅದನ್ನು ಓದಿದರೆ ಮಾತ್ರ ಕೆಲಸ.

ಓದುವ ವಿಧಾನಕ್ಕೆ ರಿಫ್ಲೆಕ್ಷನ್ ಎನ್ನುತ್ತಾರೆ. ಓಡುತ್ತಿರುವ ಜಾವಾ ಪ್ರೋಗ್ರಾಂ ಯಾವುದೇ ಕ್ಲಾಸನ್ನು, ನಿನ್ನೊಳಗೆ ಏನೇನು ಫೀಲ್ಡ್‌ಗಳು (ಬೆಲೆ ಇಡುವ ಹೆಸರಿನ ಜಾಗಗಳು) ಇವೆ, ಅವುಗಳ ಮೇಲೆ ಯಾವ ಗುರುತುಗಳಿವೆ ಎಂದು ವಿಚಾರಿಸಬಲ್ಲದು. 'ಪ್ರೈವೇಟ್' ಎಂದು ಬರೆದು ಹೊರಗಿನವರಿಗೆ ಮುಚ್ಚಿಟ್ಟ ಫೀಲ್ಡನ್ನು ಕೂಡ ಒಂದು ಸಾಲಿನ ಅಪ್ಪಣೆಯಿಂದ ತೆರೆದು ಒಳಗೆ ಬೆಲೆ ತುಂಬಬಲ್ಲದು. ಕನ್‌ಸ್ಟ್ರಕ್ಟರ್‌ನಲ್ಲಿ ಕೇಳದೆ, ನೇರವಾಗಿ ಫೀಲ್ಡಿನ ಮೇಲೆ @ಆಟೋವೈರ್ಡ್ ಎಂದು ಬರೆದಾಗ ಸ್ಪ್ರಿಂಗ್ ಮಾಡುವುದು ಇದನ್ನೇ. ಇನ್ನೊಂದು ಸೂಕ್ಷ್ಮವಿದೆ. ಹೊಸ ಅನೋಟೇಶನ್ ರಚಿಸುವವರು, ಇದು ಪ್ರೋಗ್ರಾಂ ಓಡುವವರೆಗೂ ಉಳಿಯಬೇಕು ಎಂದು ಬಿಡಿಸಿ ಹೇಳಬೇಕು. ಹೇಳದಿದ್ದರೆ ಗುರುತು ಕಡತದಲ್ಲಿ ಕಾಣುತ್ತದೆ, ಓಡುವಾಗ ರಿಫ್ಲೆಕ್ಷನ್‌ಗೆ ಕಾಣುವುದಿಲ್ಲ.

ಇಷ್ಟು ತಿಳಿದಿದ್ದರೆ ಟೆಸ್ಟಿನ ಅರ್ಧ ಗೊಂದಲಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಕೇಳಬೇಕಾದ ಪ್ರಶ್ನೆ ಯಾವಾಗಲೂ ಒಂದೇ: ಈ ಗುರುತನ್ನು ಓದುವವರು ಯಾರು, ಅವರನ್ನು ಕರೆದಿದ್ದೇವೆಯೇ?

ಮಾಕಿಟೊ ಒದಗಿಸುವ ಡೂಪ್‌ಗಳು

ಡೂಪ್‌ಗಳನ್ನು ಕೈಯಲ್ಲೇ ಬರೆಯಬಹುದು. ಕ್ಲಾಸ್ ಚಿಕ್ಕದಿದ್ದರೆ ಅದೇ ಒಳ್ಳೆಯದು ಕೂಡ. ಆದರೆ ಬಹುತೇಕ ತಂಡಗಳು ಬಳಸುವುದು ಮಾಕಿಟೊ ಎಂಬ ಲೈಬ್ರರಿ. ಪೋಲೆಂಡಿನ ಶ್ಚೆಪಾನ್ ಫಾಬರ್ 2007ರ ಕೊನೆಯಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆಯ ಪ್ರಾಜೆಕ್ಟ್‌ನಲ್ಲಿದ್ದಾಗ ಅದು ಹುಟ್ಟಿತು. ಮೊಹಿಟೊ ಎಂಬ ಪಾನೀಯದ ಹೆಸರಿನ ಮೇಲೆ ಆಡಿದ ಆಟ ಅದರ ಹೆಸರು, ಲಾಂಛನವೂ ಅದೇ ಲೋಟ. ಖಾತೆಭಂಡಾರದ ಮಾಕ್ ಕೊಡು ಎಂದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಅದರಂತೆ ತೋರುವ ಆಬ್ಜೆಕ್ಟ್ ಒಂದನ್ನು ಕೈಗಿಡುತ್ತದೆ. ಏನೂ ಹೇಳಿಕೊಡದಿದ್ದರೆ ಆ ಮಾಕ್, ಸಂಖ್ಯೆ ಕೇಳಿದಾಗ ಸೊನ್ನೆ, ಹೌದೇ ಅಲ್ಲವೇ ಎಂದಾಗ ಅಲ್ಲ, ಪಟ್ಟಿ ಕೇಳಿದಾಗ ಖಾಲಿ ಪಟ್ಟಿ, ಮಿಕ್ಕ ಬಹುತೇಕ ಕಡೆ 'ನಲ್', ಅಂದರೆ ಏನೂ ಇಲ್ಲ ಎಂದು ಉತ್ತರಿಸುತ್ತದೆ. ತನ್ನನ್ನು ಯಾರು ಯಾವಾಗ ಏನು ಕೇಳಿದರೆಂದೂ ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ, 8ನೇ ತಾರೀಖಿನ ಟೆಸ್ಟಿನಲ್ಲಿ ಸಂದೇಶವಾಹಕನನ್ನು ಯಾರೂ ಕರೆಯಲಿಲ್ಲ ತಾನೇ ಎಂದು ಕೊನೆಯಲ್ಲಿ ವಿಚಾರಿಸಬಹುದು.

ಅನೋಟೇಶನ್ ಬಳಸಿದರೆ ಟೆಸ್ಟಿನ ತಲೆಭಾಗ ಹೀಗೆ ಕಾಣುತ್ತದೆ:

@ಮಾಕ್ ಖಾತೆಭಂಡಾರ ಭಂಡಾರ
@ಮಾಕ್ ಸಂದೇಶವಾಹಕ ವಾಹಕ
@ಮಾಕ್ ಗಡಿಯಾರ ಗಡಿಯಾರ
@ಇಂಜೆಕ್ಟ್‌ಮಾಕ್ಸ್ ದಂಡಲೆಕ್ಕ ಲೆಕ್ಕ

ಎಲ್ಲೂ 'ನ್ಯೂ' ಇಲ್ಲ. ಮೊದಲ ಮೂರು ಗುರುತು ಡೂಪ್‌ಗಳನ್ನು ತರಿಸುತ್ತವೆ, ನಾಲ್ಕನೆಯದು ಅವನ್ನು ದಂಡಲೆಕ್ಕದೊಳಗೆ ತುಂಬಿಸುತ್ತದೆ. ಓದುವವರನ್ನು ಕರೆಯಲು ಕ್ಲಾಸಿನ ಮೇಲೆ ಇನ್ನೊಂದು ಗುರುತು ಬೇಕು: ಜೆಯುನಿಟ್ 4ರಲ್ಲಿ @ರನ್‌ವಿತ್, 2017ರಲ್ಲಿ ಬಂದ ಜೆಯುನಿಟ್ 5ರಲ್ಲಿ @ಎಕ್ಸ್‌ಟೆಂಡ್‌ವಿತ್. ಅದನ್ನು ಮರೆತರೆ ನಾಲ್ಕೂ ಫೀಲ್ಡ್‌ಗಳು ಖಾಲಿ, ಮೊದಲ ಸಾಲಿನಲ್ಲೇ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ದೋಷ. ಹೊಸದಾಗಿ ಸೇರಿದವರು ಹಿರಿಯರ ಮೇಜಿನ ಬಳಿ ಬಂದು ನಿಲ್ಲುವ ಕಾರಣಗಳಲ್ಲಿ ಇದು ಬಲು ಸಾಮಾನ್ಯ.

ಈ ಅನೋಟೇಶನ್‌ಗಳಿಂದ ಆದ ಲಾಭವನ್ನು ಒಪ್ಪಲೇಬೇಕು. ಬೇಕಾದ ಡೂಪ್‌ಗಳ ಪಟ್ಟಿ ಕಡತದ ನೆತ್ತಿಯಲ್ಲೇ ಕಾಣುತ್ತದೆ. ಪ್ರತಿ ಟೆಸ್ಟಿಗೂ ಹೊಸ ಡೂಪ್ ಸಿಗುವುದರಿಂದ ಒಂದರ ಕೊಳೆ ಇನ್ನೊಂದಕ್ಕೆ ಅಂಟುವುದಿಲ್ಲ. ಡೂಪ್‌ಗೆ ಹೇಳಿಕೊಟ್ಟ ಪಾಠ ಬಳಕೆಯಾಗದೆ ಉಳಿದರೆ @ಎಕ್ಸ್‌ಟೆಂಡ್‌ವಿತ್ ಕರೆತರುವ ಮಾಕಿಟೊದ ಎಕ್ಸ್‌ಟೆನ್ಶನ್ ಗದರಿಸಿ, ಟೆಸ್ಟನ್ನೇ ಫೇಲ್ ಮಾಡುತ್ತದೆ. @ಮಾಕ್ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ನಾಲ್ಕನೆಯ ಸಾಲಿನ ಬಗ್ಗೆ.

ಸದ್ದಿಲ್ಲದೆ ತಪ್ಪುವ ಸಾಲು

@ಇಂಜೆಕ್ಟ್‌ಮಾಕ್ಸ್ ಕೆಲಸ ಮಾಡುವ ಕ್ರಮ ಹೀಗಿದೆ. ಮೊದಲು ಕ್ಲಾಸಿನ ಅತಿ ದೊಡ್ಡ ಕನ್‌ಸ್ಟ್ರಕ್ಟರ್ ಹುಡುಕುತ್ತದೆ. ಅದಿಲ್ಲದಿದ್ದರೆ ಸೆಟರ್‌ಗಳು (ಫೀಲ್ಡಿಗೆ ಬೆಲೆ ತುಂಬಲೆಂದೇ ಬರೆದ ಅಪ್ಪಣೆಗಳು), ಅವೂ ಇಲ್ಲದಿದ್ದರೆ ನೇರ ಫೀಲ್ಡ್‌ಗಳು. ಕನ್‌ಸ್ಟ್ರಕ್ಟರ್ ದಾರಿ ಹಿಡಿದ ಮೇಲೆ ಉಳಿದೆರಡು ದಾರಿಗಳನ್ನು ಅದು ನೋಡುವುದೇ ಇಲ್ಲ. ಸೆಟರ್, ಫೀಲ್ಡ್ ದಾರಿಗಳಲ್ಲಿ ಒಂದೇ ಬಗೆಯ ಎರಡು ಫೀಲ್ಡ್‌ಗಳಿದ್ದರೆ, ಉದಾಹರಣೆಗೆ ಹಣ ಕಳಿಸುವ ಖಾತೆ ಮತ್ತು ಪಡೆಯುವ ಖಾತೆ, ಹೆಸರು ನೋಡಿ ಹೊಂದಿಸುತ್ತದೆ. ಯಾರಾದರೂ ಹೆಸರು ಬದಲಿಸಿದರೆ ಜೋಡಿ ತಪ್ಪಬಹುದು. ಇದೆಲ್ಲ ಕಲಿತರೆ ಮುಗಿಯಿತು. ನಿಜವಾದ ತೊಂದರೆ ಬೇರೆ: ಹೊಂದಿಕೆಯಾಗುವ ಡೂಪ್ ಸಿಗದಿದ್ದರೆ ಅದು ದೂರುವುದಿಲ್ಲ. ಆ ಜಾಗಕ್ಕೆ ನಲ್ ಕೊಟ್ಟು ಮುಂದೆ ಹೋಗುತ್ತದೆ. ಮಾಕಿಟೊದ ದಾಖಲೆಯಲ್ಲೇ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ನಮ್ಮ ದಂಡಲೆಕ್ಕದಲ್ಲಿ ಇದರಿಂದ ಏನಾಗುತ್ತದೆ ನೋಡಿ. ಹಿರಿಯ ನಾಗರಿಕರಿಗೆ ದಂಡ ಬೇಡ ಎಂದು ಸಂಸ್ಥೆ ತೀರ್ಮಾನಿಸುತ್ತದೆ. ಯಾರೋ ಕನ್‌ಸ್ಟ್ರಕ್ಟರ್‌ಗೆ ನಾಲ್ಕನೆಯದಾಗಿ 'ವಿನಾಯಿತಿಪಟ್ಟಿ' ಸೇರಿಸುತ್ತಾರೆ. ಟೆಸ್ಟ್ ಕಡತವನ್ನು ಮುಟ್ಟುವುದಿಲ್ಲ. ಓಡುವ ಮೊದಲೇ ಕೋಡಿನ ತಪ್ಪು ಹಿಡಿಯುವ ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಏಕೆಂದರೆ ಟೆಸ್ಟಿನಲ್ಲಿ ಎಲ್ಲೂ ಕನ್‌ಸ್ಟ್ರಕ್ಟರನ್ನು ಕರೆದೇ ಇಲ್ಲ. 8ನೇ ತಾರೀಖಿನ ಟೆಸ್ಟ್ ವಿನಾಯಿತಿಯ ಸಾಲಿನವರೆಗೆ ಹೋಗುವುದೇ ಇಲ್ಲ, ಹಾಗಾಗಿ ಹಸಿರು. 9ನೇ ತಾರೀಖಿನ ಟೆಸ್ಟ್ ಕೆಂಪಾಗುತ್ತದೆ, ಆದರೆ ಅದು ಬೊಟ್ಟು ಮಾಡುವುದು ದಂಡಲೆಕ್ಕದ ಒಳಗಿನ ಯಾವುದೋ ಸಾಲನ್ನು. ಎಂಜಿನಿಯರ್ ಆ ಸಾಲಿನಲ್ಲಿ ತಪ್ಪು ಹುಡುಕುತ್ತಾನೆ. ತಪ್ಪು ಅಲ್ಲಿಲ್ಲ. 9ನೇ ತಾರೀಖಿನ ಟೆಸ್ಟನ್ನು ಯಾರೂ ಬರೆದೇ ಇರದಿದ್ದರೆ ಎಲ್ಲವೂ ಹಸಿರಾಗಿಯೇ ಉಳಿಯುತ್ತದೆ.

ಟೆಸ್ಟಿನಲ್ಲಿ 'ನ್ಯೂ ದಂಡಲೆಕ್ಕ' ಎಂದು ಕೈಯಾರೆ ಬರೆದಿದ್ದರೆ? ನಾಲ್ಕು ಬೇಕು, ಮೂರು ಕೊಟ್ಟಿದ್ದೀರಿ ಎಂದು ಕಂಪೈಲರ್ ಅಲ್ಲೇ ತಡೆಯುತ್ತಿತ್ತು. ಟೆಸ್ಟ್ ಓಡುವ ಮಾತೇ ಬರುತ್ತಿರಲಿಲ್ಲ. ಹಾಗಾದರೆ ಇಪ್ಪತ್ತು ಟೆಸ್ಟ್‌ಗಳಲ್ಲಿ ಇಪ್ಪತ್ತು ಸಾಲು ತಿದ್ದಬೇಕಲ್ಲ ಎಂದು ಗೊಣಗುವವರಿದ್ದಾರೆ. ಬೇಕಿಲ್ಲ. @ಬಿಫೋರ್‌ಈಚ್ ಎಂಬ ಗುರುತಿರುವ ಒಂದೇ ಕಡೆ ಆ ಸಾಲನ್ನು ಬರೆದಿಟ್ಟರೆ ಪ್ರತಿ ಟೆಸ್ಟಿಗೂ ಮುನ್ನ ಅದು ಓಡುತ್ತದೆ. ತಿದ್ದುವುದೂ ಒಂದೇ ಸಾಲು.

ಗಡಿಯ ದಿನಕ್ಕೆ ನಿಲ್ಲಿಸಿದ ಗಡಿಯಾರ

ಗಡಿಯಾರದ ಕತೆ ಇನ್ನೂ ಸ್ವಾರಸ್ಯ. 2014ರ ಜಾವಾ 8ರಲ್ಲಿ ಸಮಯಕ್ಕೆಂದೇ ಬಂದ ಹೊಸ ಲೈಬ್ರರಿಯಲ್ಲಿ ಕ್ಲಾಕ್ ಎಂಬ ಕ್ಲಾಸ್ ಇದೆ. ಅದಕ್ಕೆ 'ಫಿಕ್ಸ್ಡ್' ಎಂಬ ಸೌಲಭ್ಯ ಕೊಟ್ಟಿದ್ದಾರೆ: ಜೂನ್ 8 ಎಂದು ನಿಲ್ಲಿಸಿದರೆ ಅದು ಜೂನ್ 8ನ್ನು ಬಿಟ್ಟು ಕದಲುವುದಿಲ್ಲ. ಟೆಸ್ಟಿಗೆ ಇದಕ್ಕಿಂತ ಏನು ಬೇಕು? ಮಾಕ್ ಬೇಕಿಲ್ಲ, ಪಾಠ ಹೇಳಿಕೊಡಬೇಕಿಲ್ಲ.

ಆದರೆ @ಇಂಜೆಕ್ಟ್‌ಮಾಕ್ಸ್ ಕಣ್ಣಿಗೆ ಬೀಳುವುದು ಮಾಕ್ ಅಥವಾ ಸ್ಪೈ ಎಂಬ ಗುರುತಿರುವ ಫೀಲ್ಡ್‌ಗಳು ಮಾತ್ರ. ಸುಮ್ಮನೆ ಅಲ್ಲಿ ಇಟ್ಟ ನಿಲ್ಲಿಸಿದ ಗಡಿಯಾರವನ್ನು ಅದು ಎತ್ತಿಕೊಳ್ಳುವುದಿಲ್ಲ. ಹೀಗಾಗಿ ಜನ ಒಳ್ಳೆಯ ಗಡಿಯಾರವನ್ನು ಬಿಟ್ಟು ಗಡಿಯಾರದ ಮಾಕ್ ಮಾಡುತ್ತಾರೆ. ಈಗ ಎಷ್ಟು ಹೊತ್ತು ಎಂದರೆ ಇಷ್ಟು ಎನ್ನು ಎಂದು ಹೇಳಿಕೊಡುತ್ತಾರೆ. ಟೆಸ್ಟ್ ಓಡಿಸಿದರೆ ಮತ್ತೆ ನಲ್ ಪಾಯಿಂಟರ್. ಯಾಕೆಂದರೆ ಇವತ್ತಿನ ತಾರೀಖು ತಿಳಿಯಲು ಜಾವಾ ಗಡಿಯಾರವನ್ನು ಎರಡು ಪ್ರಶ್ನೆ ಕೇಳುತ್ತದೆ: ಹೊತ್ತೆಷ್ಟು, ಯಾವ ಕಾಲವಲಯ? ಎರಡನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಜಾವ ನಾಲ್ಕಾದರೆ ಲಂಡನ್ನಿನಲ್ಲಿ ಇನ್ನೂ ಹಿಂದಿನ ತಾರೀಖು. ದಂಡದ ಲೆಕ್ಕಕ್ಕೆ ಆ ಪ್ರಶ್ನೆ ಸಣ್ಣದಲ್ಲ. ಕನ್‌ಸ್ಟ್ರಕ್ಟರ್‌ಗೆ ನಿಲ್ಲಿಸಿದ ಗಡಿಯಾರ ಕೊಟ್ಟಿದ್ದರೆ ಕಾಲವಲಯವನ್ನು ಮೊದಲೇ ಬರೆಯಬೇಕಾಗುತ್ತಿತ್ತು, ಆ ಬಗ್ಗೆ ಯೋಚಿಸಿಯೂ ಇರುತ್ತಿದ್ದೆವು.

ಹನ್ನೊಂದು ಡೂಪ್ ಕೇಳುವ ಕ್ಲಾಸ್

ಕ್ಲಾಸುಗಳು ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತವೆ. ಇವತ್ತೊಂದು ನೆರವು, ಮುಂದಿನ ತಿಂಗಳು ಇನ್ನೊಂದು. ಕನ್‌ಸ್ಟ್ರಕ್ಟರ್‌ನಲ್ಲಿ ಹನ್ನೊಂದು ಹೆಸರು ಸಾಲಾಗಿ ನಿಂತಾಗ ಓದುವವರಿಗೆ ಹಿಂಸೆಯಾಗುತ್ತದೆ. ಟೆಸ್ಟ್ ಬರೆಯುವವರಿಗಂತೂ ಇನ್ನೂ ಹೆಚ್ಚು. ಆ ಹಿಂಸೆ ಒಳ್ಳೆಯದು. ಈ ಕ್ಲಾಸ್ ತನ್ನದಲ್ಲದ ಕೆಲಸಗಳನ್ನೂ ಹೊತ್ತುಕೊಂಡಿದೆ, ಒಡೆದು ಎರಡೋ ಮೂರೋ ಮಾಡಿ ಎಂದು ಅದು ಹೇಳುತ್ತಿರುತ್ತದೆ.

ಫೀಲ್ಡಿನ ಮೇಲೆ @ಆಟೋವೈರ್ಡ್, ಟೆಸ್ಟಿನಲ್ಲಿ @ಇಂಜೆಕ್ಟ್‌ಮಾಕ್ಸ್: ಇವೆರಡೂ ಸೇರಿದರೆ ಹಿಂಸೆ ಮಾಯ. ಹನ್ನೆರಡನೆಯ ನೆರವು ಸೇರಿಸಲು ಎರಡು ಸಾಲು ಸಾಕು, ಯಾರಿಗೂ ನೋವಿಲ್ಲ. ಸ್ಪ್ರಿಂಗ್ ತಂಡದವರೇ ಬಹಳ ವರ್ಷಗಳಿಂದ ಕನ್‌ಸ್ಟ್ರಕ್ಟರ್ ದಾರಿಯನ್ನೇ ಹಿಡಿಯಿರಿ ಎನ್ನುತ್ತಿದ್ದಾರೆ. 2016ರ ಸ್ಪ್ರಿಂಗ್ 4.3ರಿಂದ ಕ್ಲಾಸಿನಲ್ಲಿ ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ @ಆಟೋವೈರ್ಡ್ ಬರೆಯುವ ಅಗತ್ಯವೂ ಇಲ್ಲ. ಆಂಡ್ರಾಯ್ಡ್ ಆ್ಯಪ್‌ಗಳಿಗೆ ಹಿಲ್ಟ್ ಎಂಬ ಇಂಜೆಕ್ಷನ್ ಲೈಬ್ರರಿ ಕೊಟ್ಟಿರುವ ಗೂಗಲ್ ಕೂಡ ತನ್ನ ಮಾರ್ಗದರ್ಶಿಯಲ್ಲಿ ಯುನಿಟ್ ಟೆಸ್ಟಿಗೆ ಹಿಲ್ಟ್ ಬೇಕಿಲ್ಲ, ಕನ್‌ಸ್ಟ್ರಕ್ಟರನ್ನು ನೇರ ಕರೆಯಿರಿ ಎನ್ನುತ್ತದೆ. ಕನ್‌ಸ್ಟ್ರಕ್ಟರ್ ಬರೆಯುವ ಬೇಸರ ತಪ್ಪಿಸಲು ಲಾಂಬಾಕ್ ಎಂಬ ಇನ್ನೊಂದು ಲೈಬ್ರರಿ ಇದೆ, ಒಂದು ಅನೋಟೇಶನ್ ಹಾಕಿದರೆ ಕನ್‌ಸ್ಟ್ರಕ್ಟರನ್ನು ಅದೇ ಬರೆಯುತ್ತದೆ. ಅಂದರೆ ನೋವು ಇನ್ನೊಂದು ದಾರಿಯಿಂದ ಮಾಯ! ನಮ್ಮವರ ಜಾಣತನಕ್ಕೆ ಕೊನೆಯಿಲ್ಲ.

ಎಲ್ಲ ಇಂಜೆಕ್ಷನ್ ಗುರುತುಗಳೂ ಹೀಗೆಯೇ ಎಂದಲ್ಲ. ಜೆಯುನಿಟ್ 5ರ @ಟೆಂಪ್‌ಡಿರ್ ನೋಡಿ. ಅದು ಟೆಸ್ಟಿಗೆ ತಾತ್ಕಾಲಿಕ ಫೋಲ್ಡರ್ ಒಂದನ್ನು ಕೊಡುತ್ತದೆ, ಟೆಸ್ಟ್ ಪಾಸಾಗಲಿ ಫೇಲಾಗಲಿ ಕೊನೆಗೆ ಅಳಿಸಿಹಾಕುತ್ತದೆ. ಕೊಡುವುದರ ಜೊತೆಗೆ ಗುಡಿಸಿ ಹೋಗುವ ಕೆಲಸವೂ ಇರುವ ಇಂಥ ಕಡೆ ಗುರುತು ನಿಜವಾಗಿ ದುಡಿಯುತ್ತದೆ, ಏನನ್ನೂ ಮುಚ್ಚಿಡುವುದಿಲ್ಲ.

ಒಂದು ಲೆಕ್ಕಕ್ಕೆ ಇಡೀ ಸ್ಪ್ರಿಂಗ್

ದಂಡಲೆಕ್ಕದಂಥ ಒಂದು ಕ್ಲಾಸ್ ಪರೀಕ್ಷಿಸಲು ಇಡೀ ಸ್ಪ್ರಿಂಗ್ ವ್ಯವಸ್ಥೆಯನ್ನೇ ಚಾಲೂ ಮಾಡುವ ಅಭ್ಯಾಸವೂ ಇದೆ. @ಸ್ಪ್ರಿಂಗ್‌ಬೂಟ್‌ಟೆಸ್ಟ್ ಎಂದು ಬರೆದರೆ ಆ್ಯಪಿನ ಎಲ್ಲ ಭಾಗಗಳೂ ಎದ್ದು ಜೋಡಣೆಯಾಗುತ್ತವೆ. ಎಲ್ಲ ಸೇರಿ ಸರಿಯಾಗಿ ಓಡುತ್ತವೆಯೇ ಎಂದು ನೋಡಲು ಅದು ಬೇಕು. ಆದರೆ 8ಕ್ಕೆ ದಂಡವಿಲ್ಲ, 9ಕ್ಕೆ ಇದೆ ಎಂದು ನೋಡಲು ಬೇಕೇ?

ಒಮ್ಮೆ ಎಬ್ಬಿಸಿದ ವ್ಯವಸ್ಥೆಯನ್ನು ಸ್ಪ್ರಿಂಗ್ ಎಸೆಯುವುದಿಲ್ಲ. ಅದೇ ಸಂರಚನೆಯ ಮುಂದಿನ ಟೆಸ್ಟಿಗೆ ಮತ್ತೆ ಬಳಸುತ್ತದೆ. ಸ್ಪ್ರಿಂಗ್ ಮೇಲೆ ಕಟ್ಟಿದ ಸ್ಪ್ರಿಂಗ್ ಬೂಟ್‌ನ 2016ರ ಆವೃತ್ತಿ 1.4ರಲ್ಲಿ ಬಂದ, ಎಬ್ಬಿಸಿದ ವ್ಯವಸ್ಥೆಯೊಳಗೇ ಡೂಪ್ ಕೂರಿಸುವ @ಮಾಕ್‌ಬೀನ್ ಈ ಉಳಿತಾಯಕ್ಕೆ ಕತ್ತರಿ ಹಾಕಿತು. ಒಂದು ಟೆಸ್ಟ್ ಕ್ಲಾಸ್ ಭಂಡಾರಕ್ಕೆ ಡೂಪ್ ಹಾಕಿದರೆ, ಇನ್ನೊಂದು ವಾಹಕಕ್ಕೆ ಹಾಕಿದರೆ, ಅವು ಬೇರೆ ಬೇರೆ ಸಂರಚನೆಗಳು. ಎರಡಕ್ಕೂ ಹೊಸದಾಗಿ ಎಬ್ಬಿಸಬೇಕು. ಮೊದಮೊದಲು ಯಾರೂ ಗಮನಿಸುವುದಿಲ್ಲ. ಕೆಲವು ವರ್ಷ ಕಳೆಯುವ ಹೊತ್ತಿಗೆ ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತಿದ್ದ ಟೆಸ್ಟ್‌ಗಳು ಊಟದ ಬಿಡುವನ್ನೂ ದಾಟುತ್ತವೆ. ನಿಧಾನವಾದ ಟೆಸ್ಟನ್ನು ಜನ ಓಡಿಸುವುದನ್ನೇ ಬಿಡುತ್ತಾರೆ. ನನಗೆ ಕಂಡಂತೆ, ಟೆಸ್ಟ್‌ಗಳು ಕೆಟ್ಟು ಹಾಳಾದದ್ದಕ್ಕಿಂತ ಹೀಗೆ ಓಡಿಸುವವರಿಲ್ಲದೆ ಹಾಳಾದದ್ದೇ ಹೆಚ್ಚು.

ಹೆಸರು ಬದಲಾಗುತ್ತಲೇ ಇರುತ್ತದೆ

ಅನೋಟೇಶನ್ ಬೇರೆಯವರ ಸೊತ್ತು. ಅವರು ಬದಲಿಸಿದಾಗ ನಾವು ಬದಲಿಸಬೇಕು. ಒರಾಕಲ್ ಕಂಪನಿ ಜಾವಾದ ಎಂಟರ್‌ಪ್ರೈಸ್ ಭಾಗವನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಬಿಟ್ಟುಕೊಟ್ಟಿತು, ಹೆಸರಿನ ಹಕ್ಕನ್ನು ಕೊಡಲಿಲ್ಲ. ಹೀಗಾಗಿ 2020ರಲ್ಲಿ @ಇಂಜೆಕ್ಟ್‌ನ ಮನೆತನದ ಹೆಸರು 'ಜಾವಾಎಕ್ಸ್'ನಿಂದ 'ಜಕಾರ್ತಾ'ಕ್ಕೆ ಬದಲಾಯಿತು. ಜೆಯುನಿಟ್ 4ರಿಂದ 5ಕ್ಕೆ ಬಂದವರು @ರನ್‌ವಿತ್ ಸಾಲುಗಳನ್ನೆಲ್ಲ ಅಳಿಸಿ @ಎಕ್ಸ್‌ಟೆಂಡ್‌ವಿತ್ ಬರೆದರು. 2024ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3.4, @ಮಾಕ್‌ಬೀನ್ ಇನ್ನು ಬಳಸಬೇಡಿ, @ಮಾಕಿಟೊಬೀನ್ ಬಳಸಿ ಎಂದಿತು. ಕನ್‌ಸ್ಟ್ರಕ್ಟರನ್ನು ಕೈಯಾರೆ ಕರೆದು ಬರೆದ ಟೆಸ್ಟಿನ ಆ ಒಂದು ಸಾಲಿಗೆ ಇವುಗಳಲ್ಲಿ ಯಾವುದೂ ತಟ್ಟಲಿಲ್ಲ.

ಹೊಸದು ಹಳೆಯದರ ಪಡಿಯಚ್ಚೂ ಅಲ್ಲ. @ಮಾಕ್‌ಬೀನನ್ನು ಜೋಡಣೆ ಬರೆದಿಡುವ ಕಾನ್ಫಿಗರೇಶನ್ ಕ್ಲಾಸಿನಲ್ಲಿಟ್ಟು ಹತ್ತಾರು ಟೆಸ್ಟ್‌ಗಳಿಗೆ ಹಂಚುತ್ತಿದ್ದವರಿಗೆ @ಮಾಕಿಟೊಬೀನ್ ಅಲ್ಲಿ ಕೆಲಸ ಮಾಡದೆ ಕೈಕೊಟ್ಟಿತು. ಹಾಗಾಗಿ ಹುಡುಕಿ ಬದಲಿಸುವ ಒಂದು ಅಪ್ಪಣೆಯಿಂದ ಮುಗಿಯುವ ಕೆಲಸವಲ್ಲ ಇದು. ಕಡತಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ಹಾಗೆ ತೆರೆದಾಗ ಮೊದಲು ನೋಡಬೇಕಾದದ್ದು ಈ ಟೆಸ್ಟಿಗೆ ಸ್ಪ್ರಿಂಗ್ ಬೇಕೇ ಎಂಬುದನ್ನು. ಲೆಕ್ಕ ಮಾತ್ರ ಮಾಡುವ ಕ್ಲಾಸಾದರೆ ಹಳೆಯ ಗುರುತಿನ ಜಾಗದಲ್ಲಿ ಹೊಸದನ್ನು ಬರೆಯುವ ಬದಲು ಎರಡನ್ನೂ ಬಿಟ್ಟು 'ನ್ಯೂ' ಎಂದು ಬರೆಯುವುದು ಐದು ನಿಮಿಷ ಹೆಚ್ಚಿನ ಕೆಲಸ.